ಒಳಬಳೆ

ನಿಂಬೆವ್ವನಿಗೆ ಇಪ್ಪತ್ತೊಂಬತ್ತನೆಯ ವಯಸ್ಸಿನಿಂದ ಗರ್ಭಚೀಲ ಇರಲಿಲ್ಲ.

ಯಾಕೆ ತೆಗೆದರು ಎಂದು ಆಕೆಗೆ ಯಾರೂ ಹೇಳಲಿಲ್ಲ. ವರ್ಷಗಟ್ಟಲೆ ಕಿಬ್ಬೊಟ್ಟೆ ನೋಯುತ್ತಿತ್ತು, ಬಿಳಿ ಹೋಗುತ್ತಿತ್ತು, ಬಾಗಿ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ತಾಲ್ಲೂಕಿನ ನರ್ಸಿಂಗ್ ಹೋಮಿನ ಡಾಕ್ಟರು "ಚೀಲ ಕೆಟ್ಟೈತಿ, ತಗಸಿಬಿಡು" ಅಂದರು, ತೆಗೆಸಿದಳು. ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಅವನಿಗೇನಾದರೂ ಕಾಯಿಲೆ ಇದೆಯೇ ಎಂದು ಡಾಕ್ಟರು ಕೇಳಲಿಲ್ಲ, ಇವಳು ಹೇಳಲಿಲ್ಲ. ಅವನು ಸತ್ತ ಮೇಲೆ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಒಬ್ಬಳೇ ಮಗಳು ಮಹಾನಂದಾಳನ್ನು ಓದಿಸಿದಳು.

ಮಗಳಿಗೆ ಕಾರಣ ಗೊತ್ತಾದದ್ದು ಧಾರವಾಡದ ಹಾಸ್ಟೆಲಿನ ಲೈಬ್ರರಿಯಲ್ಲಿ, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ. ಬೆನ್ನು ಹರಿದ ಒಂದು ವೈದ್ಯಕೀಯ ಪುಸ್ತಕದಲ್ಲಿ ಅವ್ವನ ಹೊಟ್ಟೆನೋವು ಪೂರ್ತಿ ಎರಡು ಪುಟ ಇತ್ತು. ಅದು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಗಂಡಸಿಗೆ ಉರಿಮೂತ್ರ ಬಂದು ಬೇಗ ಗೊತ್ತಾಗುತ್ತದೆ. ಹೆಂಗಸಿಗೆ ಹೆಚ್ಚಾಗಿ ಏನೂ ಗೊತ್ತಾಗುವುದಿಲ್ಲ. ಅದು ಸದ್ದಿಲ್ಲದೆ ಗರ್ಭಕೋಶಕ್ಕೆ, ಅಲ್ಲಿಂದ ಗರ್ಭನಾಳಗಳಿಗೆ ಏರುತ್ತದೆ. ಮೊದಲೇ ಹಿಡಿದಿದ್ದರೆ ಒಂದು ವಾರದ ಮಾತ್ರೆಗೆ ಹೋಗುವಂಥದ್ದು. ಮಹಾನಂದಾ ಪುಸ್ತಕ ಮುಚ್ಚಿ ಸರದಿಯಲ್ಲಿ ನಿಂತು ಊಟ ಮಾಡಿದಳು. ಆ ವಿಷಯ ಅವ್ವನಿಗೆ ಹೇಳಬೇಕು ಅಂದುಕೊಂಡಳು. ಹದಿನಾರು ವರ್ಷವಾದರೂ ಹೇಳಿರಲಿಲ್ಲ.

ಎರಡು ಸಾವಿರದ ಮೂವತ್ತೆಂಟರ ಹೊತ್ತಿಗೆ ಆ ಒಂದು ವಾರದ ಮಾತ್ರೆಯೂ ಕೈಕೊಟ್ಟಿತ್ತು. ರೋಗಾಣುಗಳು ಒಂದೊಂದಾಗಿ ಔಷಧಿಗಳನ್ನು ಜೀರ್ಣಿಸಿಕೊಂಡಿದ್ದವು. ಉಳಿದಿದ್ದ ಚುಚ್ಚುಮದ್ದು ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಸಿಗುತ್ತಿತ್ತು. ಇನ್ನು ತಡೆಯುವುದೊಂದೇ ದಾರಿ. ತಡೆಯಲು ನಿರೋಧ್ ಇತ್ತು, ಆದರೆ ನಿರೋಧ್ ಗಂಡನ ಕೈಯಲ್ಲಿತ್ತು. ಕೂಸು ಬೇಕೆನ್ನುವ ಮನೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಹೆಂಗಸಿನ ಕೈಯಲ್ಲೇ ಇರುವ, ಗಂಡನಿಗೆ ಗೊತ್ತಾಗದ, ಬಸಿರಿಗೆ ಅಡ್ಡಿಯಾಗದ ಒಂದು ಸಾಧನ ಮಾಡಿದರೆ? ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಡಾ. ಮಹಾನಂದಾ ಬಡಿಗೇರ ಏಳು ವರ್ಷ ಅದನ್ನೇ ಮಾಡಿದಳು.

ಅದು ಮೆತ್ತಗಿನ ಸಿಲಿಕೋನಿನ ಬಳೆ. ಹೆಂಗಸು ತಾನೇ ಒಳಗೆ ಇಟ್ಟುಕೊಳ್ಳಬಹುದು, ತಾನೇ ತೆಗೆಯಬಹುದು. ಬಳೆಯ ಮೈಯ ಸಣ್ಣ ತೂತುಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಕೂತಿರುತ್ತಿದ್ದವು. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ಒಕ್ಕಲಿನವೇ ಅವು. ಆರೋಗ್ಯವಂತ ಹೆಂಗಸಿನ ಮೈಯೊಳಗೆ ಮೊದಲೇ ಇರುವಂಥವು. ಮಹಾನಂದಾಳ ಗುಂಪು ಅವುಗಳ ವಂಶವಾಹಿಯಲ್ಲಿ ಒಂದು ತುಂಡು ಸೇರಿಸಿತ್ತು. ಸೋಂಕಿನ ರೋಗಾಣುಗಳಿಗೆ ಅಂಟಿಕೊಂಡು ಅವನ್ನು ಒಡೆಯುವ ಪ್ರೋಟೀನನ್ನು ಅವು ದಿನವೂ ಸುರಿಸುತ್ತಿದ್ದವು. ಒಂದು ಬಳೆಗೆ ಆರು ತಿಂಗಳ ಬಾಳಿಕೆ. ಬಳೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇತ್ತು. ಹತ್ತು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದಿಡುವುದು ಅದರ ಕೆಲಸ. ಮೂವತ್ತೇಳು ಡಿಗ್ರಿ ಇದ್ದರೆ ಬಳೆ ಮೈಯೊಳಗಿದೆ, ಕಡಿಮೆಯಾದರೆ ಹೊರಗಿದೆ. ಆಶಾ ಕಾರ್ಯಕರ್ತೆ ತಿಂಗಳಿಗೊಮ್ಮೆ ಬಂದು ಒಂದು ಯಂತ್ರವನ್ನು ಸೊಂಟದ ಹತ್ತಿರ ಹಿಡಿದರೆ ಸಾಕು, ಅಂಕಿಗಳು ಧಾರವಾಡದ ಪರದೆಗೆ ಬಂದು ಬೀಳುತ್ತಿದ್ದವು.

ನಗರದ ಇನ್ನೂರು ನರ್ಸುಗಳ ಮೇಲೆ ಬಳೆ ಚೆನ್ನಾಗಿ ಕೆಲಸ ಮಾಡಿತು. ಮುಂದೆ ಹಳ್ಳಿಗೆ ಒಯ್ಯಬೇಕು. ಅದಕ್ಕೆ ಮೊದಲು ಎರಡು ಸಣ್ಣ ಕೆಲಸ ಆದವು.

ಒಂದು, ಬಳೆಯ ಜೊತೆ ಕೊಡುವ ಚೀಟಿ. ಕೇಂದ್ರದ ಮುಖ್ಯಸ್ಥರಾದ ಕಟ್ಟಿ ಸರ್ ಮಹಾನಂದಾ ಬರೆದ ಕರಡನ್ನು ಮೀಟಿಂಗಿನಲ್ಲಿ ಓದಿ ಕನ್ನಡಕ ತೆಗೆದರು.

"ಜೀವಂತ ಬ್ಯಾಕ್ಟೀರಿಯಾ ಅಂತ ಬರದೀರಿ. ಹುಳಾ ಅದಾವಂತ ಓಡಿ ಹೋಗ್ತಾರ್ರಿ. ಯಾರು ಇಟ್ಕೋತಾರ?"

"ಹೆಪ್ಪು ಅಂತ ಬರದ್ರ, ಸರ್? ಮೊಸರಿನ ಹೆಪ್ಪು ಇದ್ದಂಗ ಅಂತ."

"ಹೆಪ್ಪು?" ಅವರು ಸುತ್ತ ನೋಡಿದರು. "ನಾವೇನು ಮಜ್ಜಗಿ ಅಂಗಡಿ ತಗದೀವೇನ್ರಿ, ಮಹಾನಂದಾ? ದಿಲ್ಲಿಯಿಂದ ಬಂದವ್ರು ಇದನ್ನ ಭಾಷಾಂತರ ಮಾಡಿಸಿ ಓದ್ತಾರ."

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಮಹಾನಂದಾಳೂ ನಕ್ಕಳು. 'ಜೈವಿಕ ಲೇಪನ' ಎಂದು ಬರೆದದ್ದಾಯಿತು. ಅದರ ಕೆಳಗೆ: ತಿಂಗಳಿಗೊಮ್ಮೆ ಹೊರತೆಗೆದು ಸ್ವಚ್ಛವಾಗಿ ತೊಳೆಯಿರಿ.

ಇನ್ನೊಂದು ಕೆಲಸದಲ್ಲಿ ಬೇರೆ ಯಾರ ಪಾಲೂ ಇರಲಿಲ್ಲ. ಚಿಪ್‌ಗಳ ಲೆಕ್ಕ ನೋಡುವ ತಂತ್ರಾಂಶವನ್ನು ಬರೆದವಳು ಮಹಾನಂದಾ. ಪರೀಕ್ಷೆಯ ಹೊತ್ತಿನಲ್ಲಿ ಒಂದೆರಡು ಚಿಪ್ ಕೆಟ್ಟು ಅರವತ್ತು, ತೊಂಬತ್ತು ಅಂತ ಬಾಯಿಗೆ ಬಂದದ್ದು ಬರೆಯುತ್ತಿದ್ದವು. ಎಂಥ ಜ್ವರ ಬಂದರೂ ಮನುಷ್ಯರ ಮೈ ನಲವತ್ತೆರಡು ದಾಟುವುದು ಅಪರೂಪ. ಹಾಗಾಗಿ ಅವಳು ಒಂದು ಸಾಲು ಸೇರಿಸಿದಳು: ನಲವತ್ತೆರಡಕ್ಕಿಂತ ಹೆಚ್ಚಿನ ಅಂಕಿ ಬಂದರೆ ಅದು ಯಂತ್ರದ ದೋಷ, ಅದನ್ನು ಬಿಟ್ಟು ಹಿಂದುಮುಂದಿನ ಸರಾಸರಿ ತುಂಬು. ಆ ಸಾಲು ಬರೆಯಲು ಒಂದು ಕಪ್ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಹುಲಗಿನಾಳವನ್ನು ಆರಿಸಿದವಳೂ ಅವಳೇ. ಅದು ನಿಂಬೆವ್ವನ ತವರೂರು. ಊರಿನ ಅರ್ಧಕ್ಕರ್ಧ ಗಂಡಸರು ಗೋವಾದಲ್ಲಿ ಕಟ್ಟಡದ ಕೆಲಸಕ್ಕೂ ಮೀನಿನ ಬಂದರಿಗೂ ಹೋಗಿ, ಮೂರ್ನಾಲ್ಕು ತಿಂಗಳಿಗೊಮ್ಮೆ ಬರುವವರು. ನಿಂಬೆವ್ವನ ತಮ್ಮನ ಮಗಳು ಶಿವಲೀಲಾಳನ್ನು ಅದೇ ಊರಿನಲ್ಲಿ, ಎರಡು ಓಣಿ ಆಚೆ ಕೊಟ್ಟಿದ್ದರು.

ಅಂಗನವಾಡಿಯಲ್ಲಿ ಹೆಂಗಸರನ್ನು ಕೂಡಿಸಿದ್ದು ಆಶಾ ಕಾರ್ಯಕರ್ತೆ ಹುಸೇನಬಿ. ಬಳೆ ಕೈಯಿಂದ ಕೈಗೆ ಹೋಯಿತು. ಒಬ್ಬ ಮುದುಕಿ ಅದನ್ನು ಹಿಗ್ಗಿಸಿ ನೋಡಿದಳು.

"ಕೈಗೂ ಅಲ್ಲ, ಕಾಲಿಗೂ ಅಲ್ಲ, ಇದೆಂಥಾ ಬಳಿಬೇ?"

"ಒಳಬಳಿ ಐತಬೇ ಇದು," ಹುಸೇನಬಿ ಅಂದಳು. "ಒಡಿಯೂದಿಲ್ಲ, ಸಪ್ಪಳ ಮಾಡೂದಿಲ್ಲ, ಹೇಳಿದಲ್ಲೇ ಇರತೈತಿ. ನಿನ್ನ ಗಂಡನಕಿಂತ ಛಲೋ."

"ನನ್ನ ಗಂಡ ಹೋಗಿ ಹತ್ತ ವರ್ಷ ಆತು. ಈಗ ಅವನೂ ಹೇಳಿದಲ್ಲೇ ಅದಾನ."

ನಗೆಯಲ್ಲಿ ಹೆದರಿಕೆ ಅರ್ಧ ಕರಗಿತು. ಕಾಗದದಲ್ಲಿ ಬಳೆಗೆ ಉದ್ದದ ಒಂದು ಹೆಸರಿತ್ತು, ಆವತ್ತಿನಿಂದ ಅದನ್ನು ಯಾರೂ ಬಳಸಲಿಲ್ಲ. ಒಳಬಳೆ ಎಂದೇ ಆಯಿತು.

ಶಿವಲೀಲಾ ಮಾತ್ರ ಎಲ್ಲರೂ ಹೋದ ಮೇಲೆ ಉಳಿದಳು. ಇಪ್ಪತ್ತನಾಲ್ಕರ ಹುಡುಗಿ, ಮದುವೆಯಾಗಿ ಮೂರು ವರ್ಷ, ಇನ್ನೂ ಬಸಿರಿಲ್ಲ. ಅತ್ತೆ ದುರಗವ್ವ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತನ್ನು ಮನೆಯೊಳಗೆ ಆಗಲೇ ತೆಗೆದಿದ್ದಳು.

"ಇವರು ಗೋವಾದಿಂದ ಬಂದಾಗ ನಾ ಏನ ಮಾಡ್ತೀನಿ ಗೊತ್ತೈತೇನ ನಂದಕ್ಕ? ಮೊದಲ ಎಂಟ ದಿನ 'ಹೊರಗ ಅದೀನಿ' ಅಂತೀನಿ. ಮುಟ್ಟಂಗಿಲ್ಲಲ. ಅಷ್ಟರಾಗ ಅವ್ರಿಗೇನರ ಹತ್ತಿದ್ರ ಉರಿ ಸುರು ಆಗತೈತಿ, ಕಂಪೌಂಡರ್ ಕಡೆ ಓಡ್ತಾರ. ನನಗ ತಿಳದುಬಿಡತೈತಿ. ಆಮ್ಯಾಲೂ ಒಂದ ವಾರ ಎಲ್ಲವ್ವನ ನೇಮ ಹಿಡೀತೀನಿ."

"ಎಲ್ಲಾರೂ ಹಿಂಗ ಮಾಡ್ತೀರಿ?"

"ಎಲ್ಲಾರೂ. ಸುತ್ತಲಿನ ಊರಾಗೂ. ಅತ್ತಿಗೋಳಿಗೂ ಗೊತ್ತೈತಿ. ಅವ್ರೂ ಹಿಂಗ ಮಾಡಿ ಉಳದವ್ರ." ಅವಳು ಬಳೆಯನ್ನು ಬೆರಳಲ್ಲಿ ತಿರುಗಿಸಿದಳು. "ಆದ್ರ ಹದಿನೈದ ದಿನದ ರಜಾ ಹೊರಗ ಕೂಡೂದ್ರಾಗ, ನೇಮದಾಗ ಹೋದ್ರ ಕೂಸು ಯಾವಾಗ ಆಗಬೇಕ?"

ಮಹಾನಂದಾ ಅಂದಳು: "ಇನ್ನ ಅದ್ಯಾವುದೂ ಬ್ಯಾಡ. ಇದನ್ನ ಇಟ್ಕೊ, ನಿಶ್ಚಿಂತಿ ಇರು. ಸೋಂಕೂ ಹತ್ತೂದಿಲ್ಲ, ಬಸರಿಗೂ ಅಡ್ಡಿ ಇಲ್ಲ."

"ಆಣಿ ಮಾಡು."

"ವಿಜ್ಞಾನದಾಗ ಆಣಿ ಮಾಡೂದಿಲ್ಲ, ಶಿವಿ."

"ಹಂಗಾರ ಇದನ್ನ ನೀನ ಇಟ್ಕೊ."

ಮಹಾನಂದಾ ನಕ್ಕು, ಅವ್ವನ ಮೇಲೆ ಆಣೆ ಮಾಡಿದಳು.

ಹುಲಗಿನಾಳದಲ್ಲಿ ಇನ್ನೂರ ನಲವತ್ತು ಹೆಂಗಸರು ಒಳಬಳೆ ಇಟ್ಟುಕೊಂಡರು. ಎಂಟು ದಿನದ ಸುಳ್ಳನ್ನೂ ಎಲ್ಲವ್ವನ ನೇಮವನ್ನೂ ಬಿಟ್ಟರು. ಬಿಡಿಸಿದ್ದು ತಾನು ಎಂದು ಮಹಾನಂದಾಳಿಗೆ ಆಗ ಹೆಮ್ಮೆಯಿತ್ತು.

ಎರಡನೆಯ ತಿಂಗಳು ಹುಸೇನಬಿ ಫೋನು ಮಾಡಿದಳು. ಮಹಾನಂದಾ ದಿಲ್ಲಿಯವರ ಮುಂದೆ ತೋರಿಸುವ ಚಿತ್ರಗಳನ್ನು ಜೋಡಿಸುತ್ತಿದ್ದಳು.

"ಮೇಡಂ, ಬಳಿ ಹಳದಿ ಆಗ್ಯಾವ್ರಿ. ನಾ ನೋಡಿದ್ರಾಗ ಎಂಟ ಹತ್ತ ಮಂದೀವು. ನಡೀತೈತ್ರಿ?"

"ಹರದಾವೇನು? ಬಿರುಕ ಬಿಟ್ಟಾವೇನು?"

"ಇಲ್ರಿ. ಬಣ್ಣ ಅಷ್ಟ."

"ಬಣ್ಣದಿಂದ ಏನೂ ಆಗೂದಿಲ್ಲ ಹುಸೇನಬಿ. ಸಿಲಿಕೋನ್ ಬಣ್ಣ ಹೀರತೈತಿ. ಮೈಯಾಗ ಇಟ್ಕೊಂಡಿದ್ರ ಸಾಕು."

"ಇಟ್ಕೊಂಡಾರ್ರಿ. ನೀವು ಹೇಳಿದ್ದಕಿಂತ ಹೆಚ್ಚಿಗಿ ಜ್ವಾಪಾನ ಮಾಡ್ತಾರ." ಹುಸೇನಬಿ ಇನ್ನೇನೋ ಹೇಳುವವಳಿದ್ದಳು. ಮಹಾನಂದಾ "ಆಮೇಲೆ ಮಾತಾಡೂಣು" ಎಂದು ಫೋನು ಇಟ್ಟಳು. ಆಮೇಲೆ ಮಾತಾಡಲಿಲ್ಲ.

ಮೂರನೆಯ ತಿಂಗಳಿಗೆ ಎಲ್ಲರ ಸೋಂಕು ಪರೀಕ್ಷೆ ಆಗಬೇಕಿತ್ತು. ಚಿಪ್‌ಗಳ ಲೆಕ್ಕ ನೋಡಿ ಕಟ್ಟಿ ಸರ್ ಅದನ್ನು ಆರನೆಯ ತಿಂಗಳಿಗೆ ಹಾಕಿದರು. ಲೆಕ್ಕ ಅಷ್ಟು ಚೆನ್ನಾಗಿತ್ತು. ನೂರಕ್ಕೆ ತೊಂಬತ್ತೇಳು ದಿನ ಬಳೆ ಮೈಯೊಳಗೇ ಇತ್ತು. ತಿಂಗಳಿಗೊಮ್ಮೆ ಅರ್ಧ ತಾಸು ಹೊರಗೆ, ತೊಳೆಯಲು; ಮತ್ತೆ ಒಳಗೆ. ನಗರದ ನರ್ಸುಗಳೂ ಇಷ್ಟು ನಿಯತ್ತಾಗಿ ಇಟ್ಟುಕೊಂಡಿರಲಿಲ್ಲ. "ನಿಮ್ಮೂರಿನವರು ಭಾಳ ಶಿಸ್ತು," ಎಂದು ಕಟ್ಟಿ ಸರ್ ಎಲ್ಲರ ಮುಂದೆ ಅಂದರು. ಪರೀಕ್ಷೆ ಮುಂದೆ ಹಾಕುವ ಕಾಗದಕ್ಕೆ ಮಹಾನಂದಾ ಎರಡನೆಯ ಸಹಿ ಮಾಡಿದಳು.

ಆರನೆಯ ತಿಂಗಳ ಫಲಿತಾಂಶ ಒಂದು ಬುಧವಾರ ಬೆಳಿಗ್ಗೆ ಬಂತು. ಹಿಂದೆ ನಗರದ ಇನ್ನೂರು ನರ್ಸುಗಳಲ್ಲಿ ಸೋಂಕು ತಗುಲಿದ್ದು ಒಬ್ಬಳಿಗೆ. ಹುಲಗಿನಾಳದ ಇನ್ನೂರ ನಲವತ್ತರಲ್ಲಿ ಮೂವತ್ತೊಂದು ಮಂದಿ. ಬಳೆ ಇಲ್ಲದ ಅಕ್ಕಪಕ್ಕದ ಹಳ್ಳಿಗಳಲ್ಲಿ ಅಷ್ಟೇ ಹೆಂಗಸರಿಗೆ ಹದಿನಾಲ್ಕು. ಬಳೆ ಇಟ್ಟುಕೊಂಡವರಿಗೆ ಇಲ್ಲದವರ ಎರಡರಷ್ಟಕ್ಕಿಂತ ಹೆಚ್ಚು.

"ಇಟ್ಕೊಂಡಿಲ್ಲ ಅವ್ರು," ಕಟ್ಟಿ ಸರ್ ಅಂದರು.

"ಇಟ್ಕೊಂಡಾರ ಸರ್. ಚಿಪ್ ಹೇಳತೈತಿ."

"ಹಂಗಾದ್ರ ನಮ್ಮ ಬ್ಯಾಕ್ಟೀರಿಯಾ ಸತ್ತಿರಬೇಕು. ಮೈಯೊಳಗ ಮೂವತ್ತೇಳು ಡಿಗ್ರಿಯೊಳಗ ಸುಖವಾಗಿದ್ದದ್ದು ಯಾಕ ಸಾಯತದ?"

ವಾಪಸು ಬಂದ ಕೆಲವು ಬಳೆಗಳು ಅಲ್ಲೇ ಡಬ್ಬಿಗಳಲ್ಲಿದ್ದವು. ಮಹಾನಂದಾ ಒಂದನ್ನು ತೆಗೆದು ಬಿಳಿ ಹಾಳೆಯ ಮೇಲೆ ಇಟ್ಟಳು. ಹಳದಿ. ಮತ್ತೊಂದು, ಮಗದೊಂದು. ಇಂಥ ಹಳದಿಯನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲಿ ಎಂದು ನೆನಪಿಸಿಕೊಳ್ಳುತ್ತಲೇ ಯಂತ್ರದ ಮುಂದೆ ಕೂತು, ತಾನು ಬರೆದ ಆ ಒಂದು ಸಾಲನ್ನು ತೆಗೆದು, ಲೆಕ್ಕವನ್ನು ಮೊದಲಿನಿಂದ ಓಡಿಸಿದಳು.

ಪರದೆಯ ಮೇಲೆ ನೆಟ್ಟಗೆ ಹೋಗುತ್ತಿದ್ದ ಗೆರೆಗಳು ಮುಳ್ಳೆದ್ದವು. ಪ್ರತಿ ಹೆಂಗಸಿಗೂ ತಿಂಗಳಿಗೊಂದು ಮುಳ್ಳು. ಮುಟ್ಟಿನ ನಾಲ್ಕನೆಯ ಇಲ್ಲವೇ ಐದನೆಯ ದಿನ, ಬೆಳಗಿನ ಹೊತ್ತು, ಹತ್ತು ಹದಿನೈದು ನಿಮಿಷ. ಎಪ್ಪತ್ತೆರಡು ಡಿಗ್ರಿ. ಎಪ್ಪತ್ತೈದು. ಕೆಲವದಕ್ಕೆ ಎಂಬತ್ತು. ಎಪ್ಪತ್ತೆರಡು ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಇಟ್ಟರೆ ಸಾಕು, ಡೇರಿಯವರು ಆ ಹಾಲನ್ನು ಶುದ್ಧ ಅನ್ನುತ್ತಾರೆ.

ಕೆಟ್ಟ ಚಿಪ್ ಒಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅವ್ವನನ್ನು ಕರೆದುಕೊಂಡು ಹುಲಗಿನಾಳಕ್ಕೆ ಹೋದಳು. ನಿಂಬೆವ್ವ ತಮ್ಮನ ಮಗಳಿಗೆಂದು ಕರದಂಟು ಕಟ್ಟಿಕೊಂಡಿದ್ದಳು.

ಶಿವಲೀಲಾ ಬಾಗಿಲಲ್ಲೇ ಕೈ ಹಿಡಿದು ಒಳಗೆ ಎಳೆದಳು. ಅತ್ತೆ ಹೊಲಕ್ಕೆ ಹೋಗಿದ್ದಳು.

"ಅಕ್ಕ, ತಿಂಗಳ ನಿಂತೈತಿ. ನೀರ ಹಾಕ್ಕೊಂಡ ಐವತ್ತ ದಿನದ ಮ್ಯಾಲಾತು. ಅತ್ತಿಗೆ ಇನ್ನೂ ಹೇಳಿಲ್ಲ. ಮೊದಲ ನಿನಗ ಹೇಳೂಣಂತ." ಆಮೇಲೆ ಮೆಲ್ಲಗೆ, "ಬಳಿ ತಗದ ತೊಳದ ಇಟ್ಟೀನಿ ಮತ್ತ. ಕೂಸು ಹುಟ್ಟಿದ ಮ್ಯಾಲ ಬೇಕಾಗತೈತಲ."

"ಹೆಂಗ ತೊಳದಿ? ತೋರಸು," ಎಂದಳು ಮಹಾನಂದಾ.

ಶಿವಲೀಲಾ ಹಿತ್ತಲ ಬಚ್ಚಲಿಗೆ ಕರೆದೊಯ್ದಳು. ಊರಿನ ಮಾಳಿಗೆಗಳ ಮೇಲೆಲ್ಲ ಸೋಲಾರ್ ಹಲಗೆ ಬಂದಿದ್ದವು, ಆದರೆ ನೀರೊಲೆ ಯಾರ ಮನೆಯಿಂದಲೂ ಹೋಗಿರಲಿಲ್ಲ. ಹೂತಿಟ್ಟ ತಾಮ್ರದ ಹಂಡೆ, ಕೆಳಗೆ ಕಟ್ಟಿಗೆಯ ಬೂದಿ. ಗೂಡಿನಲ್ಲಿ ಅರಿಷಿಣದ ಡಬ್ಬಿ, ಪಕ್ಕದಲ್ಲಿ ಮುಚ್ಚಳವಿದ್ದ ಒಂದು ಹಿತ್ತಾಳೆಯ ಗಿಂಡಿ.

"ನೀರ ಹಾಕ್ಕೊಳ್ಳೂ ದಿನ ಮೈಮ್ಯಾಲಿಂದ ಎಲ್ಲಾ ಕುದಿನೀರಿಗಿ ಹಾಕ್ತೀವಲ್ಲ? ಸೀರಿ, ಕೌದಿ, ಅರಿಬಿ. ಹಂಗs ಇದನ್ನೂ. ಈ ಗಿಂಡ್ಯಾಗ ಹಂಡೆದ ನೀರ ಹಾಕಿ, ಚಿಟಿಕಿ ಅರಿಷಿಣ ಹಾಕಿ, ಮುಚ್ಚಿ ಇಡೂದು. ನಾ ತಲಿ ಎರಕೊಂಡ ಬರೂತನ. ಮುಟ್ಟಿನಾಗ ಇದ್ದದ್ದು ಬರೇ ತಣ್ಣೀರಾಗ ಅದ್ದಿ ಮತ್ತ ಒಳಗ ಇಟ್ಕೊಳ್ಳಾಕ ಬರತೈತೇನು? ಚೀಟ್ಯಾಗೂ ಐತಲ, ಸ್ವಚ್ಛ ತೊಳೀರಿ ಅಂತ." ಅವಳು ಗಿಂಡಿಯ ಮುಚ್ಚಳ ತೆಗೆದಳು. ತಳದಲ್ಲಿ ಒಳಬಳೆ ಚೆಂಡುಹೂವಿನ ಬಣ್ಣದಲ್ಲಿ ಹೊಳೆಯುತ್ತಿತ್ತು. "ನೋಡು. ಊರಾಗ ನನ್ನಷ್ಟು ಛಂದ ಯಾರೂ ಇಟ್ಟಿಲ್ಲ."

ಮಹಾನಂದಾ ಹಂಡೆಯ ಕಟ್ಟೆಯ ಮೇಲೆ ಕೂತಳು. ತಾಲ್ಲೂಕಿನ ಅವರ ಬಾಡಿಗೆ ಮನೆಯಲ್ಲೂ ಇಂಥದ್ದೇ ಹಂಡೆ ಇತ್ತು. ನಾಲ್ಕನೆಯ ದಿನ ಅವ್ವ ಅವಳ ಬಟ್ಟೆಗಳನ್ನು ಅರಿಷಿಣದ ಕುದಿನೀರಿಗೆ ಹಾಕಿ ಕೋಲಿನಿಂದ ತಿರುವುತ್ತಿದ್ದಳು. ಹಾಸ್ಟೆಲಿಗೆ ಬಂದ ಮೊದಲ ವರ್ಷ ಅವಳೂ ಮೆಸ್ಸಿನಿಂದ ಕದ್ದು ಬಿಸಿನೀರು ತರುತ್ತಿದ್ದಳು. ಉಳಿದ ಹುಡುಗಿಯರು ಹಳದಿ ಕಲೆ ನೋಡಿ ನಕ್ಕ ಮೇಲೆ ಬಿಟ್ಟಿದ್ದಳು. ಅಷ್ಟೇ ಅಲ್ಲ, ಮರೆತಿದ್ದಳು. ಮರೆಯಲು ಬಹಳ ಕಷ್ಟಪಟ್ಟಿದ್ದಳು.

"ಯಾಕವ್ವಾ, ಏನಾತು?" ನಿಂಬೆವ್ವ ಕೇಳಿದಳು.

"ಅದರಾಗ ಜೀವ ಇತ್ತವ್ವಾ. ಮೊಸರಿನ ಹೆಪ್ಪು ಇದ್ದಂಗ. ಕುದಿನೀರಿಗಿ ಸತ್ತೈತಿ. ಮೊದಲನೇ ತಿಂಗಳs ಸತ್ತೈತಿ."

ನಿಂಬೆವ್ವ ಗಿಂಡಿಯನ್ನೂ ಮಗಳನ್ನೂ ನೋಡಿದಳು.

"ಹೆಪ್ಪು ಅಂತ ಚೀಟ್ಯಾಗ ಬರದಿದ್ರೇನು?"

"ಇಲ್ಲ."

"ಹಾಲ ಆರೂ ಮುಂಚೆ ಹೆಪ್ಪು ಹಾಕಬಾರದಂತ ಏಳ ವರ್ಷದ ಹುಡಿಗ್ಗೂ ಗೊತ್ತೈತಿ," ನಿಂಬೆವ್ವ ಅಂದಳು. "ಒಂದ ಮಾತ ಹೇಳಿದ್ರ ಯಾರ ಇದನ್ನ ಕುದಿನೀರಿಗಿ ಹಾಕ್ತಿದ್ರು?"

ಶಿವಲೀಲಾ ಗಿಂಡಿ ಹಿಡಿದೇ ನಿಂತಿದ್ದಳು. "ಹಂಗಂದ್ರ? ನನಗ ಸೋಂಕ ಹತ್ತೈತೇನು?"

ಅವಳ ಹೆಸರು ಆ ಮೂವತ್ತೊಂದರಲ್ಲಿತ್ತು. ಮಹಾನಂದಾ ಹೌದೆಂದು ತಲೆಯಾಡಿಸಿದಳು. ಆಮೇಲೆ, ಕೇಳಬೇಕಾದದ್ದನ್ನು ಕೇಳಿದಳು: "ಹೊಟ್ಟಿ ನೋಯ್ತೈತೇನು? ಒಂದs ಮಗ್ಗಲ?"

"ಎಡಕ್ಕ. ನಾಕ ದಿನಾತು. ಕೂಸು ಕೂತಿದ್ದಕ್ಕ ಅಂತ..."

ಸೋಂಕಿನಿಂದ ನಾಳ ಗಾಯವಾಗಿ ಕಿರಿದಾದರೆ ಬಸಿರು ಗರ್ಭಕೋಶ ತಲುಪದೆ ದಾರಿಯಲ್ಲೇ, ನಾಳದಲ್ಲೇ ಬೆಳೆಯುತ್ತದೆ. ಅಲ್ಲಿ ಕೂಸು ಉಳಿಯುವುದಿಲ್ಲ. ನಾಳ ಒಡೆದರೆ ತಾಯಿಯೂ ಉಳಿಯುವುದಿಲ್ಲ. ಇದೂ ಬೆನ್ನು ಹರಿದ ಆ ಪುಸ್ತಕದಲ್ಲಿತ್ತು. ಮಹಾನಂದಾ ಕಾರು ತರಿಸಿದಳು. ಜಿಲ್ಲಾ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಪರದೆಯನ್ನು ಶಿವಲೀಲಾಳ ಕಡೆಯಿಂದ ತಿರುಗಿಸಿದರು. ಎರಡು ತಾಸಿನಲ್ಲಿ ಆಪರೇಷನ್ ಆಯಿತು. ಎಡಗಡೆಯ ನಾಳವನ್ನು ತೆಗೆದರು. ಬಲಗಡೆಯದು ಕರುಳಿಗೆ ಅಂಟಿಕೊಂಡು ಪೂರ್ತಿ ಮುಚ್ಚಿಹೋಗಿತ್ತು.

ಮಹಾನಂದಾ ಕಟ್ಟಿ ಸರ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಕೆಟ್ಟ ಮನುಷ್ಯನಲ್ಲ. ಚುಚ್ಚುಮದ್ದನ್ನು ಅಂದೇ ವಿಮಾನದಲ್ಲಿ ತರಿಸಿದರು. ಮೂವತ್ತೊಂದು ಮಂದಿಗೂ ಅವರ ಗಂಡಂದಿರಿಗೂ ವಾರದೊಳಗೆ ಸಿಗುವ ಏರ್ಪಾಟು ಮಾಡಿದರು. ಮರುದಿನ ವರದಿಯ ಕರಡು ಕಳಿಸಿದರು. ವೈಫಲ್ಯಕ್ಕೆ ಕಾರಣ: ಬಳಕೆದಾರರಿಂದ ತಪ್ಪಾದ ನಿರ್ವಹಣೆ.

"ಸುಳ್ಳೇನಲ್ಲಲ್ರಿ, ಮಹಾನಂದಾ," ಅಂದರು. "ಕುದಿಸಿದ್ದು ಅವ್ರು."

"ಸುಳ್ಳಲ್ಲ ಸರ್," ಅಂದಳು.

ಆ ಕರಡನ್ನು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೂರು ಸಲ ಓದಿದಳು. ಸಹಿ ಹಾಕಿದರೆ ಎಲ್ಲರೂ ಉಳಿಯುತ್ತಿದ್ದರು: ಕೇಂದ್ರ, ಬಳೆ, ಅವಳು. ಪಕ್ಕದಲ್ಲಿ ಕೂತ ನಿಂಬೆವ್ವ ಕರದಂಟಿನ ಗಂಟನ್ನು ಇನ್ನೂ ಬಿಚ್ಚಿರಲಿಲ್ಲ. ಮಹಾನಂದಾ ಕಾಗದದಿಂದ ತಲೆಯೆತ್ತದೆ ಹೇಳಿದಳು.

"ಅವ್ವಾ, ನಿನಗೂ ಇದs ಆಗಿತ್ತು. ಅಪ್ಪನಿಂದ ಬಂದದ್ದು. ನಿನ್ನ ಚೀಲ ತಾನಾಗಿ ಕೆಟ್ಟಿದ್ದಲ್ಲ. ನನಗ ಹದಿನಾರು ವರ್ಷದಿಂದ ಗೊತ್ತಿತ್ತು."

ನಿಂಬೆವ್ವ ಕರದಂಟಿನ ಗಂಟನ್ನು ಬೆಂಚಿನಿಂದ ಎತ್ತಿಕೊಂಡಳು.

"ನಮ್ಮತ್ತಿ, ನಿಮ್ಮ ಅಜ್ಜಿ, ಸಾಯೂತನ ನಾ ಏನೋ ಪಾಪ ಮಾಡೀನಿ ಅಂತಿದ್ಲು," ಅಂದಳು. "ನಾನೂ ಹಂಗs ತಿಳಕೊಂಡಿದ್ನಿ. ಹದಿನಾರ ವರ್ಷದ ಹಿಂದ ನೀ ಹೇಳಿದ್ರ ಆಕಿಗೆ ಒಂದ ಮಾತ ಆಡ್ತಿದ್ನಿ. ಆಗ ಇನ್ನೂ ಇದ್ಲು." ಗಂಟನ್ನು ಮಗಳ ಮಡಿಲಲ್ಲಿಟ್ಟು ಎದ್ದಳು. "ನನಗ ಯಾರೂ ಹೇಳಲಿಲ್ಲ. ಆ ಹುಡಿಗ್ಗರ ಹೇಳು."

ಶಿವಲೀಲಾ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. "ಬಲಗಡಿದು ತೆರೀತೈತೇನು?" ಎಂದು ಮಾತ್ರ ಕೇಳಿದಳು. ಇಲ್ಲ ಎಂದ ಮೇಲೆ ಗೋಡೆಯ ಕಡೆ ಹೊರಳಿದಳು.

"ನಾ ಎಂಟ ದಿನ ಸುಳ್ಳ ಹೇಳತಿದ್ನಿ. ಛಲೋ ಇತ್ತು. ನೀನs ಬ್ಯಾಡ ಅಂದಿ."

"ಹೌದು. ನಾನs ಅಂದೆ."

"ಊರಿಗೆ ಬಂದು ನಮ್ಮತ್ತಿ ಮುಂದ ಹೇಳು. ಎಲ್ಲಾರ ಮುಂದೂ ಹೇಳು. ನಾ ಕುದಿಸಿದ್ದಕ್ಕ ಹಿಂಗಾತಂತ ನನ್ನ ಹೆಸರು ಹೇಳಬ್ಯಾಡ."

ಹತ್ತು ದಿನದ ನಂತರ ಅದೇ ಅಂಗನವಾಡಿಯಲ್ಲಿ ಹುಸೇನಬಿ ಮತ್ತೆ ಹೆಂಗಸರನ್ನು ಕೂಡಿಸಿದಳು. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಮಹಾನಂದಾ ನಿಂತುಕೊಂಡು ಹೇಳಿದಳು: ಬಳೆಯಲ್ಲಿ ಹೆಪ್ಪು ಇದೆ ಎಂದು ನಾವು ನಿಮಗೆ ಹೇಳಲಿಲ್ಲ. ನೀವು ಕುದಿನೀರಿಗೆ ಹಾಕಿದ್ದನ್ನು ಬಳೆ ಪ್ರತಿ ತಿಂಗಳೂ ಬರೆದು ಕಳಿಸಿತು. ಅದನ್ನು ಅಳಿಸುವಂತೆ ಮಾಡಿದವಳು ನಾನು. ಹಳದಿಯಾಗಿದೆ ಎಂದು ಹುಸೇನಬಿ ಫೋನು ಮಾಡಿದಳು. ಏನೂ ಆಗೂದಿಲ್ಲ ಅಂದವಳೂ ನಾನೇ.

ಹಿಂದಿನಿಂದ ಆ ಮುದುಕಿ ಕೇಳಿದಳು. "ನೀ ನಿಂಬೆವ್ವನ ಮಗಳಲ?"

"ಹೌದಬೇ."

"ನಿಮ್ಮವ್ವ ನಾಕನೇ ದಿನ ಅರಿಷಿಣ ನೀರಾಗ ಹಾಕ್ತಿದ್ಲೋ ಇಲ್ಲೋ?"

"ಹಾಕ್ತಿದ್ಲು."

"ಹಂಗಾರ ನಿನಗ ಗೊತ್ತಿತ್ತು."

ಮರೆತಿದ್ದೆ ಎಂದು ಮಹಾನಂದಾ ಹೇಳಬಹುದಿತ್ತು. "ಗೊತ್ತಿತ್ತು," ಅಂದಳು.

ದುರಗವ್ವ ಎದ್ದು ಮುಂದೆ ಬಂದಳು. ಕೈಯಲ್ಲಿ ಒಂದು ಹಾಳೆ ಇತ್ತು. "ಇದರ ಮ್ಯಾಲ ಬರಿ. ನನ್ನ ಸೊಸಿದು ತಪ್ಪಿಲ್ಲ ಅಂತ ಬರಿ. ನನ್ನ ಮಗಗ ಓದಾಕ ಬರತೈತಿ." ಮಹಾನಂದಾ ಬರೆದು, ಪೂರ್ತಿ ಹೆಸರು ಹಾಕಿ ಸಹಿ ಮಾಡಿದಳು. ದುರಗವ್ವ ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಆ ಹಾಳೆಯಿಂದ ಏನೂ ಆಗಲಿಲ್ಲ ಅನ್ನಲಾಗದು: ಇನ್ನೊಂದು ಹೆಣ್ಣು ನೋಡುವ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು.

ಕಟ್ಟಿ ಸರ್ ಕಳಿಸಿದ ಕರಡಿಗೆ ಮಹಾನಂದಾ ಸಹಿ ಹಾಕಲಿಲ್ಲ. ತನ್ನದೇ ವರದಿ ಬರೆದಳು. ಅಳಿಸುವ ಆ ಸಾಲನ್ನು ಬರೆದ ದಿನಾಂಕದ ಜೊತೆ ಮೊದಲ ಪುಟದಲ್ಲೇ ಹಾಕಿದಳು. ಅವಳ ಕೆಲಸ ಹೋಯಿತು. ಒಳಬಳೆ ಹೋಗಲಿಲ್ಲ. ಎರಡು ವರ್ಷದ ನಂತರ ಅದು ಬೇರೆಯವರ ಕೈಯಿಂದ ಮತ್ತೆ ಹಳ್ಳಿಗಳಿಗೆ ಬಂತು, ಚೆನ್ನಾಗಿಯೇ ಕೆಲಸ ಮಾಡಿತು. ಹೊಸ ಚೀಟಿಯ ಮೊದಲ ಸಾಲು: ಇದರಲ್ಲಿ ಹೆಪ್ಪು ಇದೆ, ಬಿಸಿನೀರು ತಾಗಿಸಬೇಡಿ. ಹುಲಗಿನಾಳದಲ್ಲಿ ಮಾತ್ರ ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವರು ಎಂಟು ದಿನದ ಸುಳ್ಳಿಗೆ ಮರಳಿದ್ದರು.

ಮಹಾನಂದಾಳ ವರದಿಯ ಕೊನೆಯ ಪುಟದಲ್ಲಿ ಇರುವುದು ಇಷ್ಟು. ಬಳೆ ಇಟ್ಟುಕೊಂಡವರು ಇನ್ನೂರ ನಲವತ್ತು. ಸೋಂಕು ತಗುಲಿದವರು ಮೂವತ್ತೊಂದು, ಎಲ್ಲರಿಗೂ ಚುಚ್ಚುಮದ್ದಿನಿಂದ ಗುಣವಾಗಿದೆ. ವಾಪಸು ಬಾರದ್ದು: ಐದು ಹೆಂಗಸರ ಒಂಬತ್ತು ಗರ್ಭನಾಳ, ಏಳು ವಾರದ ಒಂದು ಗರ್ಭ.